ಹೇಳದೇ ಹೋದ ‘ಗೊತ್ತಿಲ್ಲ’

ರೇಣುಕಾಳ ಮಗುವಿಗೆ ಎಚ್‌ಐವಿ ಇಲ್ಲ ಎಂದು ನಾನು ಸುಳ್ಳು ಹೇಳಿದೆ. ಇದೆ ಎಂದೂ ನನಗೆ ತಿಳಿದಿರಲಿಲ್ಲ — ಇನ್ನೂ ಗೊತ್ತಿಲ್ಲ ಎಂಬುದನ್ನೇ ಮುಚ್ಚಿಟ್ಟೆ.

ನಾನು ಜಯನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಆಪ್ತಸಮಾಲೋಚಕಿ. ಹಾವೇರಿ ಕಡೆಯ ರೇಣುಕಾ ಆಗ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತ, ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗಿದ್ದಳು. ತನಗೆ ಸೋಂಕಿರುವುದು ಬಸುರಿಯಾಗಿದ್ದಾಗಲೇ ಅವಳಿಗೆ ಗೊತ್ತಾಗಿತ್ತು. ಗಂಡ ಬಿಟ್ಟುಹೋಗಿದ್ದ. ಎಳೆಮಗಳ ರಕ್ತಪರೀಕ್ಷೆಯ ಫಲಿತಾಂಶ ಬಂದ ದಿನ ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು: “ಇದು ಪಾಸಿಟಿವ್ವೂ ಅಲ್ಲ, ನೆಗೆಟಿವ್ವೂ ಅಲ್ಲ. ಇನ್ನೊಂದ್ಸಲ ರಕ್ತ ತೆಗೀಬೇಕು. ಅಲ್ಲೀವರ್ಗೂ ಸೋಂಕು ತಗಲ್ದೇ ಇರ್ಲಿ ಅಂತ ಮಗೂಗೆ ಕೊಡ್ತಿರೋ ಸಿರಪ್ ನಿಲ್ಲಿಸ್ಬಾರ್ದು ಅಂತ ಹೇಳಿ.”

ಹೇಳಬೇಕೆಂದೇ ಕೂತೆ. ಅವಳು ಮಗುವನ್ನು ಅವಚಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. “ಇಲ್ಲ ಅನ್ರಿ ಮೇಡಂ. ಅದೊಂದು ಮಾತು ಅಂದುಬಿಡ್ರಿ.”

“ಏನಿಲ್ಲಮ್ಮ, ಮಗು ಚೆನ್ನಾಗಿದೆ” ಎಂದೆ. ಮುಂದಿನ ಸಲ ನಿಧಾನವಾಗಿ ತಿಳಿಸಿದರಾಯಿತು ಎಂದುಕೊಂಡೆ. ಕರುಣೆಯೋ, ಅವಳ ಅಳು ನೋಡಲಾರದ ಹೇಡಿತನವೋ —

ಅವಳು ಮತ್ತೆ ಬರಲಿಲ್ಲ. ಯಾಕೆ ಬರಬೇಕು? ರೋಗವೇ ಇಲ್ಲ ಎಂದ ಮೇಲೆ ಸಿರಪ್ಪನ್ನೂ ನಿಲ್ಲಿಸಿದಳು. ಹುಡುಕಿಕೊಂಡು ಹೋಗಬಹುದಿತ್ತು, ದೂರವೇನಿರಲಿಲ್ಲ — ಹೋಗಲಿಲ್ಲ.

ಮಗು ಅಂಬೆಗಾಲಿಡುವ ಹೊತ್ತಿಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿತು. ಈ ಸಲದ ಪರೀಕ್ಷೆಯಲ್ಲಿ ಅನುಮಾನಕ್ಕೆ ಎಡೆಯಿರಲಿಲ್ಲ: ಪಾಸಿಟಿವ್. ಜೀವ ಉಳಿಯಿತು, ಚಿಕಿತ್ಸೆ ಶುರುವಾಯಿತು. ಸುದ್ದಿ ತಿಳಿದು ನೋಡಲು ಹೋದಾಗ ವಾರ್ಡಿನ ಬಾಗಿಲಲ್ಲಿ ರೇಣುಕಾ ನನ್ನ ಕೈ ಹಿಡಿದು, “ಆವಾಗ ಇರಲಿಲ್ಲಲ್ರಿ. ನನ್ನ ಎದಿಹಾಲ ಕೂಸಿಗೆ ವಿಷ ಆತು” ಎಂದಳು. ಆಗಲೂ ಸುಮ್ಮನಿದ್ದೆ. ಆ ಮೌನಕ್ಕೆ ಕರುಣೆಯೆಂಬ ಹೆಸರೂ ಸಲ್ಲದು.

ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ನಮ್ಮ ಕ್ಲಿನಿಕ್ಕಿಗೆ ಔಷಧಿಗೆ ಬಂದಾಗಲೂ ರೇಣುಕಾ ತನ್ನ ಹಾಲನ್ನೇ ಹಳಿದುಕೊಂಡಳು. ಭಾನುವಾರ ಅವಳ ಮನೆಗೆ ಹೋದೆ.

“ಹಾಲಿಂದ ಬಂತೋ, ಮೊದ್ಲೇ ಇತ್ತೋ ಯಾರಿಗೂ ಗೊತ್ತಿಲ್ಲ ರೇಣುಕಾ. ಮೊದಲ್ನೇ ಟೆಸ್ಟಲ್ಲಿ ಏನೂ ತೀರ್ಮಾನ ಆಗಿರ್ಲಿಲ್ಲ. ಇಲ್ಲ ಅಂದಿದ್ದು ನಾನು. ಸಿರಪ್ ನಿಂತಿದ್ದು ನನ್ನಿಂದ.”

ಅವಳು ಎದ್ದು ಹೋಗಿ ಬಾಗಿಲು ತೆರೆದಳು. “ಆಕಿ ಮಾರಿ ನೋಡಿದಾಗೆಲ್ಲ ನನಗ ನಾನ ಶಾಪ ಹಾಕ್ಕೊಂಡೇನ್ರಿ... ಇನ್ನ ನಮ್ಮನಿಗೆ ಬರಬ್ಯಾಡ್ರಿ.”

ಕ್ಷಮೆ ಕೇಳಲಿಲ್ಲ; ಅದನ್ನೂ ಅವಳೇ ಕೊಡಬೇಕೆಂದು ಹೇಗೆ ಕೇಳಲಿ? ಮರುದಿನ ಡಾಕ್ಟರಿಗೂ ಎಲ್ಲ ಹೇಳಿದೆ. ಈ ಕೆಲಸದಲ್ಲಿ ಇರಿಸಿಕೊಂಡರೆ, ಫಲಿತಾಂಶ ಸ್ಪಷ್ಟವಿಲ್ಲದ ಪ್ರತಿ ತಾಯಿಗೂ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ, ಅವರು ಅತ್ತು ಮುಗಿಸುವವರೆಗೂ ಕೂರುತ್ತೇನೆ, ಬರದವರ ಮನೆ ಹುಡುಕುತ್ತೇನೆ. ಇದರಿಂದ ರೇಣುಕಾಳಿಗೆ ಆಗುವುದೇನೂ ಇಲ್ಲ. ಅದು ನನಗೆ ಗೊತ್ತಿದೆ.