ಎಡಮಗ್ಗುಲಮ್ಮನ ಸೊಂಟನೋವು

ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ಸಮುದಾಯ ಭವನದ ಮೂಲೆಯಲ್ಲಿ ಒಬ್ಬ ಹೆಂಗಸು ಬಕೆಟ್‌ನ ಬಿಸಿನೀರಿಗೆ ಜೆಲ್ ಬಾಟಲಿಗಳನ್ನು ಇಳಿಬಿಟ್ಟು ಕೂತಿದ್ದಾರೆ. ಹೃದಯದ ಸ್ಕ್ಯಾನ್ ಮಾಡುವಾಗ ಎದೆಗೆ ಹಚ್ಚುವ ಲೋಳೆ ಅದು. ತಣ್ಣಗಿದ್ದರೆ ವಯಸ್ಸಾದವರು ಬೆಚ್ಚಿ ಉಸಿರು ಬಿಗಿಹಿಡಿಯುತ್ತಾರೆ, ಚಿತ್ರ ಕೆಡುತ್ತದೆ. ಹೀಗೆ ಬಿಸಿ ಮಾಡಿ ಎಂದು ಇವರಿಗೆ ಯಾರೂ ಹೇಳಿಕೊಟ್ಟಿಲ್ಲ.

ಅರವತ್ತು ದಾಟಿದವರಿಗೆಂದು ವಾರಕ್ಕೆರಡು ಕಡೆ ನಡೆಯುವ ಈ ಉಚಿತ ತಪಾಸಣೆಯಲ್ಲಿ ಐವತ್ತೆಂಟರ ಇವರು ಆಯಾ. ಹನ್ನೊಂದು ವರ್ಷದ ಕೆಲಸ, ದಿನಕ್ಕೆ ನಲವತ್ತು ಜನ. ಒಬ್ಬೊಬ್ಬರನ್ನೂ ಮಂಚ ಹತ್ತಿಸಿ, ಎಡಕ್ಕೆ ಹೊರಳಿಸಿ, ಬೆನ್ನಿಗೆ ಕೈ ಕೊಟ್ಟು ನಿಲ್ಲುತ್ತಾರೆ. ಹಾಗಾಗಿ ಎಲ್ಲರ ಬಾಯಲ್ಲೂ ಎಡಮಗ್ಗುಲಮ್ಮ. ಬೆಳಗ್ಗೆ ಯಾವ ಮಗ್ಗುಲಲ್ಲಿ ಎದ್ದು ಬಂದಿದ್ದರೂ ಇಲ್ಲಿ ಎಡಮಗ್ಗುಲೇ ಗತಿ. ಸ್ಕ್ಯಾನ್ ಅಂದರೆ ಹೊಟ್ಟೆಯದೇ ಎಂದುಕೊಂಡು ಚೊಂಬುಗಟ್ಟಲೆ ನೀರು ಕುಡಿದು ಬಂದು ಚಡಪಡಿಸುವ ಅಜ್ಜಂದಿರನ್ನು ಮೊದಲು ಶೌಚಾಲಯಕ್ಕೆ ಅಟ್ಟುವವರೂ ಇವರೇ.

ಸುಸ್ತಾಗುತ್ತಾ ಎಂದು ಡಾಕ್ಟರ್ ಕೇಳಿದರೆ ಎಲ್ಲರೂ ವಯಸ್ಸಾಯ್ತಲ್ಲ ಎಂದು ತೇಲಿಸಿಬಿಡುತ್ತಾರೆ. ಇವರು ಕೇಳುವುದೇ ಬೇರೆ: "ಎಷ್ಟು ದಿಂಬು ಹಾಕ್ಕೊಂಡು ಮಲಗ್ತೀರಾ?" ಎರಡು, ಮೂರು ಎಂದವರ ಚೀಟಿ ಮೇಲಕ್ಕೆ ಬರುತ್ತದೆ.

ಆ ಪ್ರಶ್ನೆ ಹುಟ್ಟಿದ್ದು ಬಾಲ್ಯದ ಒಂದೇ ಕೋಣೆಯ ಮನೆಯಲ್ಲಿ. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದ ಪುಡಿ, ಹಾಸಿಗೆ ಸುರುಳಿಗೆ ಒರಗಿ ಕೂತಲ್ಲೇ ನಿದ್ದೆ ಮಾಡುವ ಅಮ್ಮ. ಇವರ ಬಗ್ಗೆ ಬರೆಯಲೆಂದು ಬಂದಿರುವ ನನಗೆ ಅದನ್ನೆಲ್ಲ ಹೇಳುವಾಗ ಅವರ ಮಾತು ನಿಧಾನವಾಗುತ್ತದೆ. "ನಮ್ಮನ್ನ ಕಾಯ್ತಾ ಕೂತಿದಾಳೆ ಅಂತ ನಾನೂ ಅಕ್ಕನೂ ಹಾಯಾಗಿ ಮಲಗ್ತಿದ್ವಿ. ಮಲಗಿದ್ರೆ ಅವಳಿಗೆ ಉಸಿರು ಕಟ್ತಿತ್ತು ಅಂತ ಗೊತ್ತಾಗಿದ್ದು ಈ ಕೆಲಸಕ್ಕೆ ಸೇರಿದ ಮೇಲೆ."

ಅಮ್ಮ ಹೋದ ಮೇಲೆ ಅದೇ ಯಂತ್ರ ತುಳಿದು ತಂಗಿಯನ್ನು ಸಾಕಿದ್ದು ಅಕ್ಕ. ಈಗ ಅವರಿಗೆ ಅರವತ್ತಾರು, ತಲೆಯಡಿ ಮೂರು ದಿಂಬು. ನಾಲ್ಕು ಶಿಬಿರಕ್ಕೆ ಕರೆದರೂ ಬಂದು ಮಲಗಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ತಂಗಿಯ ಮಾತು ಮನೆಯಲ್ಲಿ ನಡೆಯುವುದಿಲ್ಲ. ಹಿತ್ತಲ ಗಿಡ ಮದ್ದಲ್ಲವಲ್ಲ.

ಹೆದರಿದವರಿಗೆ ಧೈರ್ಯ ಬರಲೆಂದು ಪ್ರತಿ ಶಿಬಿರದಲ್ಲೂ ಮೊದಲು ಎಡಮಗ್ಗುಲಮ್ಮನೇ ಮಲಗಿ ತೋರಿಸುವುದು ರೂಢಿ. ಇವತ್ತು ಅವರು ಸೊಂಟ ಹಿಡಿದು ನಿಂತಿದ್ದಾರೆ. ಚೀಟಿ ಬರೆಯುವ ನೆಪದಲ್ಲಿ ಕರೆತಂದ ಅಕ್ಕನಿಗೆ, ನನ್ನ ಬದಲು ನೀನೇ ಮಲಗಿ ತೋರಿಸು, ಜನ ಕಾಯುತ್ತಿದ್ದಾರೆ ಎನ್ನುತ್ತಾರೆ. ಇನ್ನೊಬ್ಬರಿಗೆ ಉಪಕಾರ ಎಂದರೆ ಅಕ್ಕ ಇಲ್ಲ ಎನ್ನುವವರಲ್ಲ. ಸೊಂಟನೋವು ಸುಳ್ಳೆಂದು ನನಗೆ ಗೊತ್ತು. ತುಂಬಿದ ಬಕೆಟ್ ಎತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಬಾಯಿ ಬಿಡುವುದಿಲ್ಲ.

ಎರಡು ನಿಮಿಷಕ್ಕೆಂದು ಮಲಗಿದವರು ಇಪ್ಪತ್ತು ನಿಮಿಷವಾದರೂ ಏಳುವುದಿಲ್ಲ. ಡಾಕ್ಟರ್ ಪರದೆಯನ್ನೇ ನೋಡುತ್ತಿದ್ದಾರೆ. ಕೊನೆಗೆ, ಹೃದಯದ ಒಂದು ಕವಾಟ ಕಿರಿದಾಗಿದೆ, ಈಗಲೇ ಗೊತ್ತಾದದ್ದು ಒಳ್ಳೆಯದಾಯಿತು, ಸರಿಪಡಿಸಬಹುದು ಎಂದು ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತಾರೆ.

ಅಕ್ಕ ಗುಂಡಿ ಹಾಕಿಕೊಳ್ಳುತ್ತಾ ತಂಗಿಯ ಮುಖ ನೋಡುತ್ತಾರೆ. "ಸೊಂಟನೋವು ಅಂದ್ಯಲ್ಲ, ಸುಳ್ಳು ತಾನೇ?"

"ಹೂಂ. ಬೈಕೋ. ಬೈಯೋಕೆ ನೀನು ಇರ್ಬೇಕು ನಂಗೆ."