ಕುಂಬಾದ ಲಾರಿ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಮ್ಮದೊಂದು ಲಾರಿ ಇತ್ತು. ಬೋಳೂರಿನ ನಮ್ಮ ಕೇರಿಯಲ್ಲಿ ದೋಣಿಯಲ್ಲಿ ಪಾಲಿಲ್ಲದ ಮನೆ ಅಪರೂಪ, ಲಾರಿ ಇದ್ದ ಮನೆ ನಮ್ಮದು ಮಾತ್ರ. ಅದು ಏಳಿಗೆಯಿಂದ ಬಂದದ್ದಲ್ಲ. ದೊಡ್ಡಪ್ಪ ಅಳಿವೆಯ ಬಾಯಿಯಲ್ಲಿ ದೋಣಿ ಮಗುಚಿ ತೀರಿಕೊಂಡ ಮೇಲೆ ಬಂದದ್ದು. ಹೊಳೆ ಸಮುದ್ರಕ್ಕೆ ಸೇರುವ ಆ ಜಾಗದಲ್ಲಿ ಮರಳಿನ ದಿಬ್ಬ ಒಂದು ವರ್ಷ ಇದ್ದಲ್ಲಿ ಮರುವರ್ಷ ಇರುವುದಿಲ್ಲ. ಅದೇ ದೋಣಿಯಲ್ಲಿ ಅಪ್ಪನೂ ಇದ್ದರು. ಅವರು ಈಜಿ ಬಂದರು. ದೊಡ್ಡಪ್ಪನ ದೇಹ ತಣ್ಣೀರುಬಾವಿಯ ಕಡೆ ದಡಕ್ಕೆ ಬಿತ್ತು.

ಉತ್ತರಕ್ರಿಯೆಯ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಅಮ್ಮ ಹೇಳಿದ್ದು ಒಂದೇ ಮಾತು: ಇನ್ನು ಸಮುದ್ರ ಬೇಡ. ಅಪ್ಪ ಎದುರಾಡಲಿಲ್ಲ. ದೋಣಿಯಲ್ಲಿ ಮತ್ತು ಬಲೆಯಲ್ಲಿ ತಮಗಿದ್ದ ಪಾಲನ್ನು ಬಿಟ್ಟುಕೊಟ್ಟು, ಘಟ್ಟದ ಮೇಲಿನ ಕಾಫಿ ತೋಟದವರೊಬ್ಬರು ಮಾರಲು ಇಟ್ಟಿದ್ದ ಹಳೆಯ ಲಾರಿಯನ್ನು ತಂದರು. ತಾಂಡೇಲನಾಗಿ ದೋಣಿಯ ಹಿಂಬದಿಯಲ್ಲಿ ನಿಂತು ಹುಟ್ಟು ತಿರುಗಿಸುತ್ತಿದ್ದ ಮನುಷ್ಯ ಚಕ್ರದ ಹಿಂದೆ ಕುಳಿತರು. ಬಂದರಿನ ಬ್ಯಾರಿ ವ್ಯಾಪಾರಿಯೊಬ್ಬರು, ನಾವು ಕಾಕಾ ಎಂದು ಕರೆಯುತ್ತಿದ್ದವರು, ಉಪ್ಪುಮೀನಿನ ಲೋಡು ಕೊಡುತ್ತಿದ್ದರು. ಚಾರ್ಮಾಡಿ ಹತ್ತಿ ತೋಟಗಳ ಕೂಲಿಯವರ ಲೈನುಮನೆಗಳಿಗೆ ಅದನ್ನು ಮುಟ್ಟಿಸಿ ಬರುವುದು ಅಪ್ಪನ ಕೆಲಸ. ಲಾರಿ ಓಡುತ್ತಿರುವಷ್ಟು ದಿನ ಅಮ್ಮನ ಮಾತು ನಡೆಯುತ್ತದೆ, ಲಾರಿ ನಿಂತರೆ ಅಪ್ಪ ಮತ್ತೆ ದೋಣಿ ಹತ್ತಬೇಕಾಗುತ್ತದೆ. ಇದನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಅಪ್ಪ ಲಾರಿಯನ್ನು ನೋಡಿಕೊಂಡಷ್ಟು ಅಕ್ಕರೆಯಿಂದ ಯಾರೂ ಲಾರಿ ನೋಡಿಕೊಂಡದ್ದನ್ನು ನಾನು ಕಂಡಿಲ್ಲ. ಘಟ್ಟದಿಂದ ಇಳಿದು ಬಂದವರು ಮೊದಲು ಮನೆಗೆ ಬರುತ್ತಿರಲಿಲ್ಲ. ಸುಲ್ತಾನ್ ಬತ್ತೇರಿಯ ಹತ್ತಿರ ಹೊಳೆಗೆ ಇಳಿಜಾರಾದ ಒಂದು ಕಡೆ ಲಾರಿಯನ್ನು ಚಕ್ರ ಮುಳುಗುವವರೆಗೆ ಇಳಿಸಿ, ತೆಂಗಿನ ನಾರಿನಿಂದ ಅಡಿಯೆಲ್ಲ ಉಜ್ಜಿ ತೊಳೆದು, ಆಮೇಲೆ ತಮ್ಮ ಮೈ ತೊಳೆದುಕೊಂಡು ಬರುತ್ತಿದ್ದರು. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲಿನ ಸೂರು ಕಟ್ಟುವಾಗ ಇವರು ಲಾರಿಗೂ ಸೂರು ಕಟ್ಟುತ್ತಿದ್ದರು. ಕೇರಿಯವರು ಅದನ್ನು ಅಪ್ಪನ ಎರಡನೇ ಸಂಸಾರ ಎಂದು ಹಾಸ್ಯ ಮಾಡುತ್ತಿದ್ದರು. ಅಮ್ಮ ಆ ಹಾಸ್ಯಕ್ಕೆ ನಗುತ್ತಿದ್ದಳು. ಆ ಸಂಸಾರದ ಮೇಲೆ ಅವಳಿಗೆ ಯಾವ ದೂರೂ ಇರಲಿಲ್ಲ.

ಒಂದು ವರ್ಷ ಮಳೆ ಹಿಡಿಯುವ ಮುಂಚಿನ ಕೊನೆಯ ಲೋಡು ಇಳಿಸಿ ಬರುವಾಗ ಲಾರಿಯ ಮೈ ಒಂದು ಬದಿಗೆ ವಾಲಿತು. ಕೂರುವ ಜಾಗದ ನೆಲದಲ್ಲಿ ತೂತು ಬಿದ್ದು ಕೆಳಗೆ ರಸ್ತೆ ಓಡುವುದು ಕಾಣುತ್ತಿತ್ತು. ಕಾಕಾ ಬಂದು ನೋಡಿ, ಸರಿ ಮಾಡಿಸದೆ ತಾನು ಇದಕ್ಕೆ ಲೋಡು ಹಾಕುವುದಿಲ್ಲ, ಮೀನಿನ ಚಿಂತೆಗಲ್ಲ, ಘಟ್ಟದ ತಿರುವಿನಲ್ಲಿ ಇದು ಮುರಿದರೆ ನಿಮ್ಮ ಹೆಂಡತಿಗೆ ಏನೆಂದು ಹೇಳಲಿ ಎಂದರು. ಯುದ್ಧದಿಂದಾಗಿ ಬೇರೆ ಲಾರಿ ಸಿಗುವ ಹಾಗಿರಲಿಲ್ಲ. ಪೆಟ್ರೋಲಿಲ್ಲದೆ ಊರಿನ ಎಷ್ಟೋ ಲಾರಿಗಳು ಸುಮ್ಮನೆ ನಿಂತು, ಚಾಲಕರೆಲ್ಲ ಕೆಲಸವಿಲ್ಲದೆ ಕುಳಿತಿದ್ದರು. ನಮ್ಮದು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿದ್ದುದರಿಂದ ಉಳಿದುಕೊಂಡಿತ್ತು.

ಬಂದರಿನ ಹಿಂದಿನ ಗಲ್ಲಿಯಲ್ಲಿ ಒಂದು ಹೆಂಚಿನ ಶೆಡ್ಡಿತ್ತು. ಮುಂಬಯಿಯ ಹಡಗುಕಟ್ಟೆಯಲ್ಲಿ ಗ್ಯಾಸ್ ಬೆಸುಗೆ ಕಲಿತು ಊರಿಗೆ ಮರಳಿದ್ದ ಕ್ರಿಸ್ತುವರೊಬ್ಬರು ಅದನ್ನು ನಡೆಸುತ್ತಿದ್ದರು. ಅಪ್ಪ ಅವರನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದರು, ಅವರು ಅಪ್ಪನನ್ನು ತಾಂಡೇಲರೇ ಎನ್ನುತ್ತಿದ್ದರು. ಇಬ್ಬರೂ ಮಾತಾಡುತ್ತಿದ್ದುದು ತುಳುವಿನಲ್ಲಿ. ಇಲ್ಲಿ ನೆನಪಿದ್ದ ಮಟ್ಟಿಗೆ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಆಗ ಹಂಪನಕಟ್ಟೆಯ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ, ಬಂದರಿಗೆ ಬಂದುಹೋಗುವ ಮಂಜಿ ಎಂಬ ಹಾಯಿಹಡಗುಗಳ ಸುದ್ದಿಯನ್ನೂ ಬರೆಯುತ್ತಿದ್ದೆ. ಮಳೆಗಾಲದಲ್ಲಿ ಮಂಜಿಗಳು ಬರುವುದಿಲ್ಲ. ಹಾಗಾಗಿ ಮಧ್ಯಾಹ್ನದ ಹೊತ್ತು ಶೆಡ್ಡಿಗೆ ಹೋಗಿ ಕೂರಲು ಬಿಡುವಿತ್ತು.

ಪೊರ್ಬು ಮೊದಲು ಬೆಂಕಿ ಹಚ್ಚಲಿಲ್ಲ. ಸಣ್ಣ ಸುತ್ತಿಗೆ ಹಿಡಿದು ಲಾರಿಯ ಅಡಿಗೆ ತೂರಿಕೊಂಡು ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣ ಗಂಟೆಯ ಹಾಗೆ ಮರುದನಿ ಕೊಡುತ್ತದೆ. ತುಕ್ಕು ತಿಂದದ್ದು ಒದ್ದೆ ಗೋಣಿಯನ್ನು ತಟ್ಟಿದ ಹಾಗೆ ಕೇಳುತ್ತದೆ. ದನಿ ಬದಲಾಗುವ ಜಾಗಕ್ಕೆ ಅವರು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ತೂತಿನ ಸುತ್ತ ಒಂದು ವೃತ್ತ, ಆ ವೃತ್ತದ ಹೊರಗೆ ಬೆಸುಗೆ ಹಿಡಿಯುತ್ತದೆ, ಒಳಗೆ ಹಿಡಿಯುವುದಿಲ್ಲ, ಒಳಗಿದ್ದದ್ದನ್ನೆಲ್ಲ ಕತ್ತರಿಸಿ ತೆಗೆಯಬೇಕು ಎಂದು ವಿವರಿಸಿದರು. ಹೊಸ ತಗಡು ಎಲ್ಲೂ ಇರಲಿಲ್ಲ. ಡಾಮರಿನ ಹಳೆ ಪೀಪಾಯಿ ಒಡೆದು, ಸುಟ್ಟು, ತಟ್ಟಿ ಸಪಾಟು ಮಾಡಿ ತುಂಡುಗಳನ್ನು ಸಿದ್ಧ ಮಾಡಿದರು.

ಬೆಸುಗೆ ಶುರುವಾದ ದಿನ ನಾನಿದ್ದೆ. ಕಾರ್ಬೈಡಿನ ಬೆಳ್ಳುಳ್ಳಿಯಂಥ ವಾಸನೆ ಶೆಡ್ಡಿನಲ್ಲಿ ತುಂಬಿತ್ತು. ಕಪ್ಪು ಕನ್ನಡಕ ಹಾಕಿದ ಪೊರ್ಬು ನೀಲಿ ಜ್ವಾಲೆಯನ್ನು ನೆಲದ ಮೂಲೆಗೆ ಹಿಡಿದದ್ದೇ ತಡ, ಅಲ್ಲಿಂದ ಕಪ್ಪು ಹೊಗೆ ಎದ್ದು, ಕೆಂಪು ಬೆಂಕಿಯೊಂದು ಸಂದಿನುದ್ದಕ್ಕೂ ಓಡಿತು. ಬೂತಾಯಿ ಮೀನಿನ ಎಣ್ಣೆ ಸುಟ್ಟ ವಾಸನೆ. ಅಪ್ಪ ಒದ್ದೆ ಗೋಣಿ ಎಸೆದು ಬೆಂಕಿ ಆರಿಸಿದರು. ಪೊರ್ಬು ಕನ್ನಡಕ ಮೇಲೆ ಸರಿಸಿ, ಆ ಸಂದಿಗೆ ಚೂಪಾದ ಕಡ್ಡಿ ಹಾಕಿ ಎಳೆದರು. ಉದ್ದಕ್ಕೆ ಹೊಸೆದ ಹತ್ತಿಯ ಬತ್ತಿ ಹೊರಬಂತು, ರಾಳ ಮೆತ್ತಿ ಗಟ್ಟಿಯಾದದ್ದು.

"ತಾಂಡೇಲರೇ, ಇದು ಲಾರಿಯೋ ದೋಣಿಯೋ? ನೀವು ಬಲೆಯೂ ಒಳಗೆ ಇಟ್ಟಿದ್ದೀರೋ ಎಂತ?"

ಅಪ್ಪ ನಕ್ಕರು. ಆ ನಗುವಿನಲ್ಲಿ ಸ್ವಲ್ಪ ಹೆಮ್ಮೆಯೇ ಇತ್ತು. ಹಲಗೆಯ ಸಂದಿಗೆ ಹತ್ತಿ ತುರುಕಿ, ರಾಳವನ್ನು ಮೀನೆಣ್ಣೆಯಲ್ಲಿ ಕಾಯಿಸಿ ಬಳಿಯುವುದು ದೋಣಿಯ ಕ್ರಮ. ಲಾರಿಯಲ್ಲಿ ಎಲ್ಲೆಲ್ಲಿ ಸಂದು ಕಂಡಿತೋ ಅಲ್ಲೆಲ್ಲ ಅವರು ಅದನ್ನೇ ಮಾಡಿ ಮೇಲೆ ಬಣ್ಣ ಹಚ್ಚಿದ್ದರು. ಒಂದು ಹನಿ ಮಳೆನೀರು ಒಳಗೆ ಬಂದದ್ದಿಲ್ಲ ಎಂದರು. ಪೊರ್ಬುವೂ ನಕ್ಕು, ಬತ್ತಿಗಳನ್ನೆಲ್ಲ ಕಿತ್ತು ತೆಗೆಯಲು ಕುಳಿತರು. ಒಂದೊಂದು ಬತ್ತಿ ಹೊರಬಂದಾಗಲೂ ಅದರ ಹಿಂದಿನಿಂದ ಕೆಂಪು ಪುಡಿ ನೆಲಕ್ಕೆ ಉದುರುತ್ತಿತ್ತು. ಹತ್ತಿ ಒಳಗಿನ ತೇವವನ್ನು ಹೊರಗೆ ಬಿಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಹಾಸ್ಯ ಕಡಿಮೆಯಾಯಿತು. ಸೀಮೆಸುಣ್ಣದ ವೃತ್ತಗಳನ್ನು ಪೊರ್ಬು ಅಳಿಸಿ ದೊಡ್ಡದು ಮಾಡುತ್ತಿದ್ದರು. ಮೊದಲು ಅಂಗೈ ಅಗಲವಿದ್ದವು ತಟ್ಟೆಯಗಲವಾದವು, ಆಮೇಲೆ ಒಂದರ ಗೆರೆ ಇನ್ನೊಂದರ ಗೆರೆಗೆ ತಾಗಿತು. ಆದರೂ ನೆಲವನ್ನು ಸರಿ ಮಾಡಿದರು. ಬಾಗಿಲ ಕೆಳಗಿನ ತಗಡನ್ನೂ ಮಡ್‌ಗಾರ್ಡುಗಳನ್ನೂ ಪೀಪಾಯಿಯ ತುಂಡು ಕೊಟ್ಟು ಹೊಲಿದ ಹಾಗೆ ಕೂಡಿಸಿದರು. ಅಪ್ಪ ಪ್ರತಿ ಸಂಜೆ ಮನೆಗೆ ಬಂದು ಅಂದಿನ ಕೆಲಸ ಎಲ್ಲಿಗೆ ಬಂತೆಂದು ಅಮ್ಮನಿಗೆ ವರದಿ ಕೊಡುತ್ತಿದ್ದರು. ಅಮ್ಮ ಮೀನು ಕೊಯ್ಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಹಾಲೆರೆದ ಮೇಲೆ ದೋಣಿಗಳು ಇಳಿಯುತ್ತವೆ, ಮೀನು ಬರುತ್ತದೆ, ಲೋಡು ಬರುತ್ತದೆ. ಅಷ್ಟರೊಳಗೆ ಆಗುತ್ತದಲ್ಲ ಎಂದು ಅವಳು ಕೇಳಿದಳು. ಆಗುತ್ತದೆ ಎಂದರು ಅಪ್ಪ.

ಕೊನೆಗೆ ಉಳಿದದ್ದು ಚಾಸಿ. ಲಾರಿಯ ಇಡೀ ಭಾರ ಹೊರುವ ಅಡಿಯ ಚೌಕಟ್ಟು. ಹಿಂದಿನ ಸ್ಪ್ರಿಂಗ್ ಪಟ್ಟಿಗಳು ಅದಕ್ಕೆ ಸೇರುವ ಜಾಗದಲ್ಲಿ ಪೊರ್ಬು ಸುತ್ತಿಗೆಯಿಂದ ತಟ್ಟಿದರು. ದನಿ ಬರಲಿಲ್ಲ. ಇನ್ನೊಮ್ಮೆ, ಸ್ವಲ್ಪ ಜೋರಾಗಿ ತಟ್ಟಿದಾಗ ಸುತ್ತಿಗೆಯ ಮೂತಿ ಒಳಗೆ ಹೋಯಿತು. ಅವರು ಅದನ್ನು ನಿಧಾನವಾಗಿ ಹೊರಗೆಳೆದು, ಸುತ್ತಿಗೆಯನ್ನು ನೋಡಿದರು, ನಮ್ಮನ್ನು ನೋಡಲಿಲ್ಲ.

ಅಪ್ಪ ಬಗ್ಗಿ ಕೈಯಿಂದ ಮುಟ್ಟಿ ನೋಡಿದರು. ಕಬ್ಬಿಣ ಪದರು ಪದರಾಗಿ ಬೆರಳಿಗೆ ಬಂತು.

"ಇಲ್ಲಿ ಕುಂಬಾಗಿದೆ," ಎಂದರು.

"ಕುಂಬಾಗುವುದು ಮರ, ತಾಂಡೇಲರೇ. ಇದು ತುಕ್ಕು."

"ಎರಡೂ ಒಂದೇ ಅಲ್ವಾ?"

ಪೊರ್ಬು ಉತ್ತರ ಕೊಡುವ ಬದಲು, ಲಾರಿಯನ್ನು ಯಾವ ನೀರಿನಲ್ಲಿ ತೊಳೆಯುತ್ತಿದ್ದಿರಿ ಎಂದು ಕೇಳಿದರು. ಅಪ್ಪನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿರಬೇಕು. ಮಳೆನೀರು, ಬಾವಿನೀರು ಬಿದ್ದರೆ ಹಲಗೆ ಕೊಳೆತು ಕುಂಬಾಗುತ್ತದೆ, ಉಪ್ಪುನೀರು ಹಲಗೆಯನ್ನು ಉಳಿಸುತ್ತದೆ. ಇದು ನಮ್ಮ ಕೇರಿಯ ಪ್ರತಿ ಮನೆಗೂ ಗೊತ್ತಿರುವ ಸಂಗತಿ, ದೋಣಿಯ ವಿಷಯದಲ್ಲಿ ನಿಜವೂ ಹೌದು.

"ಹೊಳೆಯಲ್ಲಿ," ಎಂದರು ಅಪ್ಪ. "ಭರತದ ಹೊತ್ತು ನೋಡಿ, ಉಪ್ಪುನೀರು ಏರಿದಾಗ ಇಳಿಸುತ್ತಿದ್ದೆ. ಇಳಿತದ ಹೊತ್ತಿಗೆ ಮೇಲಿನ ಸಿಹಿನೀರು ಬರ್ತದೆ. ಸಿಹಿನೀರು ನಾನು ತಾಗಿಸಿದ್ದೇ ಇಲ್ಲ."

ಪೊರ್ಬು ಸುತ್ತಿಗೆಯನ್ನು ಕೆಳಗಿಟ್ಟರು. ಆಮೇಲೆ, ಉಪ್ಪುಮೀನಿನ ಲೋಡು ಹೊತ್ತರೆ ಎಲ್ಲ ಲಾರಿಗೂ ಇದೇ ಗತಿ, ಬುಟ್ಟಿಯಿಂದ ಸೋರುವ ಉಪ್ಪುನೀರು ಕಬ್ಬಿಣವನ್ನು ಬಿಡುವುದಿಲ್ಲ ಎಂದರು. ಅಪ್ಪ ಅದನ್ನು ಕೇಳಿ ತಲೆಯಾಡಿಸಿದರು. ಆದರೆ ಮಾತು ಅಲ್ಲಿಗೆ ಮುಗಿಯಲಿಲ್ಲ.

"ಕುದ್ರೋಳಿಯವರ ಲಾರಿಯೂ ಉಪ್ಪುಮೀನೇ ಹೊರುವುದಲ್ವಾ? ನಮ್ಮದಕ್ಕಿಂತ ಹಳತು. ಅದು ಸರಿ ಉಂಟಲ್ಲ. ಅವರು ಎಲ್ಲಿ ತೊಳೆಯುವುದು?"

"ಅವರು ತೊಳೆಯುವುದು ಎಲ್ಲಿ ಬಂತು ಮಾರಾಯ್ರೆ. ಮಳೆ ಬಂದರೆ ಅದಕ್ಕೆ ಸ್ನಾನ."

ತಮಾಷೆ ಮಾಡಿ ಅಪ್ಪನನ್ನು ಸಮಾಧಾನ ಮಾಡುವುದು ಅವರ ಉದ್ದೇಶವಾಗಿತ್ತು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆಡಿದ ಮೇಲೆ ಆ ಮಾತು ಎಲ್ಲಿ ಹೋಗಿ ತಾಗಿತೆಂದು ಅವರಿಗೂ ತಿಳಿಯಿತು. ಗ್ಯಾಸು ಮುಗಿಯುತ್ತಾ ಬಂತು ಎಂದು ಹೇಳಿ ಎದ್ದು ಕಾರ್ಬೈಡಿನ ಡಬ್ಬಿಯ ಕಡೆ ಹೋದರು. ಗ್ಯಾಸು ಮುಗಿದಿರಲಿಲ್ಲ. ಅಪ್ಪ ಲಾರಿಯ ಅಡಿಯಲ್ಲೇ ಕುಕ್ಕುರುಗಾಲಿನಲ್ಲಿ ಕುಳಿತು, ಬೆರಳಿಗೆ ಮೆತ್ತಿದ ಕೆಂಪು ಪುಡಿಯನ್ನು ಲುಂಗಿಗೆ ಒರೆಸಿಕೊಳ್ಳುತ್ತಿದ್ದರು. ಒರೆಸಿ ಆದ ಮೇಲೂ ಒರೆಸುತ್ತಿದ್ದರು.

ಪೊರ್ಬು ಪ್ರಯತ್ನ ಬಿಡಲಿಲ್ಲ. ರೈಲ್ವೆಯ ಗುಜರಿಯಿಂದ ದಪ್ಪ ಪಟ್ಟಿಯೊಂದನ್ನು ಹೇಗೋ ತಂದು ಚಾಸಿಗೆ ಕೂಡಿಸಲು ನೋಡಿದರು. ಪಟ್ಟಿ ಗಟ್ಟಿಯಿತ್ತು, ಅದನ್ನು ಹಿಡಿಯಬೇಕಾದ ಕಬ್ಬಿಣ ಇರಲಿಲ್ಲ. ಜ್ವಾಲೆ ತಾಗಿದಲ್ಲಿ ಅದು ಚಟಪಟ ಸಿಡಿದು ಇನ್ನಷ್ಟು ದೊಡ್ಡ ತೂತಾಗುತ್ತಿತ್ತು. ಹಿಂದಕ್ಕೆ ಹಿಂದಕ್ಕೆ ಹೋಗಿ, ದನಿ ಕೊಡುವ ಜಾಗ ಹುಡುಕುತ್ತಾ ಅವರು ಚೌಕಟ್ಟಿನ ಇನ್ನೊಂದು ತುದಿಯವರೆಗೆ ತಟ್ಟಿದರು. ಆ ದಿನ ಅವರು ಸೀಮೆಸುಣ್ಣವನ್ನು ಕೈಗೆತ್ತಿಕೊಳ್ಳಲಿಲ್ಲ. ಖಾಲಿ ಲಾರಿ ಊರೊಳಗೆ ಓಡೀತು, ಲೋಡು ಹಾಕಿ ಘಟ್ಟ ಹತ್ತಿಸಲು ನಾನು ಹೇಳುವುದಿಲ್ಲ ಎಂದರು. ಕಾಕಾ ಬಂದು ನೋಡಿ, ಅಪ್ಪನ ಭುಜದ ಮೇಲೆ ಕೈಯಿಟ್ಟು ನಿಂತು ಹೋದರು. ಇಂಜಿನ್ನನ್ನು ಒಂದು ಅಕ್ಕಿ ಗಿರಣಿಯವರು ಕೊಂಡೊಯ್ದರು. ಉಳಿದದ್ದು, ಹೊಸದಾಗಿ ಬೆಸೆದ ನೆಲ ಮತ್ತು ಮಡ್‌ಗಾರ್ಡುಗಳ ಸಮೇತ, ಗುಜರಿಗೆ ಹೋಯಿತು.

ಅಮ್ಮನಿಗೆ ಹೇಳುವಾಗ ಅಪ್ಪ ಹೊಳೆಯ ವಿಷಯ ಎತ್ತಲಿಲ್ಲ. ಚಾಸಿ ಹೋಗಿದೆ, ಆಗುವುದಿಲ್ಲ ಎಂದಷ್ಟೇ ಹೇಳಿದರು. ನಾನೂ ಹೇಳಲಿಲ್ಲ. ಪತ್ರಿಕೆಯ ನನ್ನ ಸಂಬಳ ಆಗ ನನ್ನೊಬ್ಬನ ಖರ್ಚಿಗೆ ಸರಿಹೋಗುತ್ತಿತ್ತು, ಮದುವೆಯಾಗಬೇಕಾದ ತಂಗಿಯರಿದ್ದರು. ಊಟವಾದ ಮೇಲೆ ಅಪ್ಪ, "ಹುಣ್ಣಿಮೆ ಕಳೆದ ಮೇಲೆ ಹೋಗ್ತೇನೆ," ಎಂದರು. ಅಮ್ಮ ಎಲ್ಲಿಗೆ ಎಂದು ಕೇಳಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಅವಳು ಬೇಡವೆನ್ನಲಿ ಎಂದು ಅಪ್ಪ ಕಾಯುತ್ತಿದ್ದಂತೆ ನನಗೆ ಕಂಡಿತು. ಅದು ನನ್ನ ಊಹೆ.

ದೋಣಿಯಲ್ಲಿ ಅವರಿಗೆ ಹಳೆಯ ಜಾಗ ಸಿಗಲಿಲ್ಲ. ಅವರು ಪಾಲು ಬಿಟ್ಟುಕೊಟ್ಟವರು. ಹಿಂದೆ ಅವರ ಕೈಕೆಳಗೆ ಹುಟ್ಟು ಹಾಕಿದ್ದವನೊಬ್ಬ ಈಗ ತಾಂಡೇಲನಾಗಿದ್ದ. ಅವನು ಮರ್ಯಾದೆಯಿಂದಲೇ ನಡೆಸಿಕೊಂಡ, ಮಧ್ಯದ ಸಾಲಿನಲ್ಲಿ ಕೂರಿಸಿದ. ಮೊದಲ ದಿನ ಅಳಿವೆ ದಾಟುವಾಗ ಅಪ್ಪ ದಿಬ್ಬದ ಕಡೆಗೆ ನೋಡದೆ ತಲೆ ತಗ್ಗಿಸಿಕೊಂಡು ಹುಟ್ಟು ಹಾಕುತ್ತಿದ್ದರು ಎಂದು ಅದೇ ದೋಣಿಯಲ್ಲಿದ್ದ ಸೋದರತ್ತೆಯ ಮಗ ನನಗೆ ಹೇಳಿದ್ದಾನೆ.

ಅಮ್ಮ ದಡಕ್ಕೆ ಹೋಗಲಿಲ್ಲ. ಬೇರೆ ಹೆಂಗಸರು ಬುಟ್ಟಿ ಹಿಡಿದು ದೋಣಿಗೆ ಕಾಯುವಾಗ ಅವಳು ಮನೆಯಲ್ಲೇ ಇರುತ್ತಿದ್ದಳು. ದೋಣಿ ಹೋದಾಗಿನಿಂದ ಬರುವವರೆಗೆ ಒಲೆ ಹೊತ್ತಿಸುತ್ತಿರಲಿಲ್ಲ. ಯಾರಾದರೂ ಅಂಗಳಕ್ಕೆ ಬಂದು ಅಪ್ಪನ ದೋಣಿ ಕಂಡಿತೆಂದು ಹೇಳಿದ ಮೇಲೆಯೇ ಅಕ್ಕಿ ತೊಳೆಯುವುದು. ತಂಗಿಯರಿಗೆ ಹಸಿವೆಯಾಗುತ್ತದೆಂದು ಮನೆಯಲ್ಲಿದ್ದ ಅಜ್ಜಿ ಬೈದು ನೋಡಿದಳು, ಪಕ್ಕದ ಮನೆಯವರು ಹಾಸ್ಯ ಮಾಡಿ ನೋಡಿದರು. ಒಂದೆರಡು ವರ್ಷದಲ್ಲಿ ನಮಗೆಲ್ಲ ಅದು ಅಭ್ಯಾಸವಾಯಿತು. ಅವಳಿಗೆ ಆಗಲಿಲ್ಲ. ಅವಳು ಮಾತು ಕಡಿಮೆ ಮಾಡಿದಳು, ನಿದ್ದೆ ಕಡಿಮೆಯಾಯಿತು, ರವಿಕೆಗಳು ಸಡಿಲಾದವು. ವೈದ್ಯರು ಹೃದಯ ಎಂದರು. ಹೆದರಿಕೆಯಿಂದ ಸತ್ತಳು ಎಂದು ಬರೆಯಲು ನನ್ನ ಹತ್ತಿರ ಸಾಕ್ಷಿಯಿಲ್ಲ. ಸಮುದ್ರ ಅಪ್ಪನನ್ನು ಕೊಂಡುಹೋಗಲಿಲ್ಲ. ಅವಳು ತೀರಿಕೊಂಡದ್ದು ಮಳೆಗಾಲದಲ್ಲಿ. ದೋಣಿಗಳೆಲ್ಲ ಸೂರಿನಡಿ ಇದ್ದವು, ಅಪ್ಪ ಅವಳ ತಲೆದೆಸೆಯಲ್ಲೇ ಕುಳಿತಿದ್ದರು.

ಆ ಹೊತ್ತಿಗೆ ತಂಗಿಯರ ಮದುವೆಯಾಗಿತ್ತು, ನನ್ನ ಸಂಬಳವೂ ಸುಧಾರಿಸಿತ್ತು. ಅಪ್ಪನಿಗೆ ದುಡಿಯಲೇಬೇಕೆಂಬ ಒತ್ತಾಯವಿರಲಿಲ್ಲ, ತಡೆಯುವವರೂ ಇರಲಿಲ್ಲ. ಮಳೆ ಕಡಿಮೆಯಾಗಿ ದೋಣಿಗಳನ್ನು ನೀರಿಗೆ ಇಳಿಸುವ ಸಮಯಕ್ಕೆ ತಾಂಡೇಲ ತಾನೇ ನಮ್ಮ ಅಂಗಳಕ್ಕೆ ಬಂದ. ಮನೆಯಲ್ಲಿ ಕೂತರೆ ಮನಸ್ಸು ಕೆಡುತ್ತದೆ, ಬನ್ನಿ ಅಣ್ಣ ಎಂದ. ಅಪ್ಪ ಜಗಲಿಯಲ್ಲಿ ಕುಳಿತು ಯಾರದೋ ಬಲೆಯನ್ನು ದುರಸ್ತಿ ಮಾಡುತ್ತಿದ್ದರು. ತಲೆ ಎತ್ತದೆ ಹೇಳಿದರು:

"ನೀವು ಹೋಗಿ ಬನ್ನಿ. ನಾನು ಸಮುದ್ರಕ್ಕೆ ಹೋದರೆ ಇವಳಿಗೆ ಆಗುವುದಿಲ್ಲ."