ಎರಡು ಬೀಗದ ಗಗನಯಾತ್ರಿ

ಹೋದ ಶನಿವಾರ ಕೊಚ್ಚಿಯ ಮಟ್ಟಾಂಚೇರಿಯಲ್ಲಿ ನನ್ನ ಚಪ್ಪಲಿಯ ಬಾರು ಕಿತ್ತುಹೋಯಿತು. ಬೋಟು ನಿಲ್ಲುವ ಜೆಟ್ಟಿಯ ಪಕ್ಕ ಕೂರುವ ಚಪ್ಪಲಿ ರಿಪೇರಿಯವನು ಡಬ್ಬಿಯ ಮುಚ್ಚಳ ತೆಗೆದು ಅಂಟು ಸವರಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ನಿಮಗೂ ಗೊತ್ತಿರುತ್ತದೆ, ಪೆಟ್ರೋಲೂ ರಬ್ಬರೂ ಸೇರಿದಂಥ, ಒಳ್ಳೆಯದು ಅನ್ನಲಾಗದ, ಆದರೂ ಇನ್ನೊಮ್ಮೆ ಮೂಸೋಣ ಅನ್ನಿಸುವ ವಾಸನೆ. ಬೇರೆಯವರಿಗೆ ಅದರಿಂದ ಚಪ್ಪಲಿ ನೆನಪಾದೀತು. ನನಗೆ ನೆನಪಾಗುವುದು ಮಂಗಳ ಗ್ರಹ.

ಐದು ವರ್ಷದ ಹಿಂದಿನ ಮಾತು. ನಾನು ಆಗಲೂ ಈಗಿನಂತೆ ಕೊಚ್ಚಿಯ ಒಂದು ಬ್ಯಾಂಕಿನಲ್ಲಿ ಆಫೀಸರು; ಮನೆ ಎಡಪ್ಪಳ್ಳಿಯಲ್ಲಿ. ನಮ್ಮ ಮನೆಯವರ ಕೆಲಸ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯಲ್ಲಿ. ಶುಕ್ರವಾರ ಸಂಜೆ ರೈಲು ಹತ್ತಿ ಬಂದು ಭಾನುವಾರ ಸಂಜೆ ರೈಲು ಹತ್ತಿ ಹೋಗುವರು. ಒಂಬತ್ತನೇ ಕ್ಲಾಸಿನ ಮಗಳು ನಿಧಿ ನನ್ನ ಜೊತೆಗಿದ್ದಳು. ನಾವು ಮೈಸೂರು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರ ಕೊಡುವುದು, ಇದು ನಮ್ಮ ಮನೆಯ ಪದ್ಧತಿ. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ.

ಒಂದು ದಿನ ಅವಳ ಗೆಳತಿಯರೆಲ್ಲ ಸೇರಿ ಸ್ಪರ್ಧೆಯೊಂದಕ್ಕೆ ಹನ್ನೆರಡು ನಿಮಿಷದ ಸಿನಿಮಾ ಮಾಡುವುದೆಂದು ತೀರ್ಮಾನಿಸಿದರು. ಮಂಗಳ ಗ್ರಹದಲ್ಲಿ ಒಬ್ಬಳೇ ಉಳಿದುಹೋದ ಹುಡುಗಿಯ ಕಥೆ. ಆನಿ ಎಂಬ, ಕನ್ನಡಕ ಹಾಕಿಕೊಂಡ, ಯಾರ ಮಾತೂ ಕೇಳದ ಹುಡುಗಿ ನಿರ್ದೇಶಕಿ. ಗಗನಯಾತ್ರಿಯ ಪಾತ್ರವೂ ಉಡುಪಿನ ಜವಾಬ್ದಾರಿಯೂ ನಿಧಿಗೆ. ಯಾಕೆಂದರೆ ತನ್ನ ಅಪ್ಪ ರಾಕೆಟ್ ವಿಜ್ಞಾನಿ, ಇಂಥ ಉಡುಪು ಮಾಡುವುದು ಅವರಿಗೆ ನೀರು ಕುಡಿದಷ್ಟು ಸುಲಭ ಎಂದು ಅವಳು ಕ್ಲಾಸಿಗೆಲ್ಲ ಹೇಳಿಬಿಟ್ಟಿದ್ದಳು.

ನಿಜ ಏನೆಂದರೆ ನಮ್ಮವರು ಇರುವುದು ಪರ್ಚೇಸ್ ಸೆಕ್ಷನ್ನಿನಲ್ಲಿ. ವಿಜ್ಞಾನಿಗಳು ಬೇಕೆಂದು ಬರೆದುಕೊಟ್ಟ ಸ್ಕ್ರೂ, ಕೈಗವಸು, ರಬ್ಬರ್ ಉಂಗುರಗಳನ್ನು ತರಿಸಿಕೊಡುವ ಕೆಲಸ. ಮಗಳ ಬಡಾಯಿ ಅವರ ಕಿವಿಗೆ ಬಿದ್ದಾಗ ನಕ್ಕುಬಿಡುತ್ತಾರೆ ಅಂದುಕೊಂಡೆ. ನಗಲಿಲ್ಲ. ಕಾಫಿ ಲೋಟ ಕೆಳಗಿಟ್ಟು, "ಮಗು ಹೇಳಿಬಿಟ್ಟಿದೆ. ಅದರ ಮಾತು ಸುಳ್ಳಾಗೋದು ಬೇಡ ಕಣೇ" ಎಂದರು. ಮುಂದಿನ ವಾರ ಬರುವಾಗ ಬಗಲಲ್ಲಿ ಲೈಬ್ರರಿಯ ಎರಡು ದಪ್ಪ ಪುಸ್ತಕ. ರೈಲಿನುದ್ದಕ್ಕೂ ಪರೀಕ್ಷೆಗೆ ಕೂರುವವರಂತೆ ಓದಿಕೊಂಡು ಬಂದಿದ್ದರು. ಆನಿ ಸಾಲಾಗಿ ಪ್ರಶ್ನೆ ಕೇಳಿದರೆ ಇವರು ಓದಿದ್ದಷ್ಟನ್ನು ಹೇಳಿ, ಓದದ್ದು ಬಂದಾಗ ಬಾತ್‌ರೂಮಿಗೆ ಹೋಗುತ್ತಿದ್ದರು. ಅಷ್ಟು ಸಲ ಹೋಗುವುದನ್ನು ನೋಡಿ ಆ ಮಕ್ಕಳಲ್ಲೊಬ್ಬಳು ಅಂಕಲ್‌ಗೆ ಹುಷಾರಿಲ್ಲವೇ ಎಂದು ನನ್ನನ್ನು ಕೇಳಿದಳು.

ಉಡುಪಿನ ತಯಾರಿ ಮಾತ್ರ ಪಕ್ಕಾ ಪರ್ಚೇಸ್ ಶೈಲಿಯಲ್ಲಿ ನಡೆಯಿತು. ಇವರು ಮೊದಲು ಎರಡು ಪುಟದ ವಿವರಪಟ್ಟಿ ಬರೆದರು. ಬೆಳ್ಳಿ ಬಣ್ಣದ ಕಾರ್ ಕವರಿನ ಬಟ್ಟೆ ಎದುರಿನ ಅಂಗಡಿಯಲ್ಲೇ ತೂಗಾಡುತ್ತಿದ್ದರೂ ಮೂರು ಅಂಗಡಿಯಲ್ಲಿ ವಿಚಾರಿಸದೆ ತರಲು ಅವರ ಕೈಯಿಂದ ಆಗಲಿಲ್ಲ. ಗಂಬೂಟಿಗೂ ಕೈಗವಸಿಗೂ ಕೊಚ್ಚಿಯಂಚಿನ ಏಲೂರಿಗೆ ಹೋದೆವು. ಅಲ್ಲಿ ಕಾರ್ಖಾನೆಯವರಿಗೆ ಮಾರುವ ಅಂಗಡಿಯವನು ಯಾವ ಪ್ಲಾಂಟಿಗೆ ಎಂದು ಕೇಳಿದ. ಮಂಗಳ ಗ್ರಹಕ್ಕೆ ಅನ್ನಲು ನಾಚಿಕೆಯಾಗಿ ಮನೆಗೆ ಎಂದೆ. ನಮ್ಮ ಮನೆಯಲ್ಲಿ ಏನು ಕುದಿಸುತ್ತೇವೋ ಎಂಬಂತೆ ನೋಡಿದ. ಚಪ್ಪಲಿಯ ಅಟ್ಟೆಗೆ ಬಳಸುವ ರಬ್ಬರ್ ಹಾಳೆ ಸಿಕ್ಕಿದ್ದು ಇದೇ ಮಟ್ಟಾಂಚೇರಿಯಲ್ಲಿ, ಅದನ್ನು ಅಂಟಿಸುವ ಆ ಡಬ್ಬಿಯ ಅಂಟೂ ಕೂಡ. ಒಂದು ತಿಂಗಳು ನಮ್ಮ ಮನೆಯ ಸಾರಿಗೂ ಅದೇ ವಾಸನೆ.

ಎದೆಯ ಮೇಲಿನ ಗುಂಡಿಗಳು ಕೆಟ್ಟ ರಿಮೋಟಿನವು, ಉಸಿರಿನ ಕೊಳವೆ ವಾಷಿಂಗ್ ಮೆಷಿನ್ನಿನದು. ದೊಡ್ಡ ನೀರಿನ ಕ್ಯಾನಿನ ತಳ ಕತ್ತರಿಸಿ, ಮುಖಕ್ಕೆ ಕಿಟಕಿ ಕೊರೆದು ಪ್ಲಾಸ್ಟಿಕ್ ಹಾಳೆ ಅಂಟಿಸಿ, ಗಲ್ಲದ ಬಳಿ ಗಾಳಿಗೆ ತೂತು ಹಾಕಿದಾಗ ಹೆಲ್ಮೆಟ್ಟೂ ಆಯಿತು. ಆದರೆ ಅದು ಉಡುಪಿನ ಕತ್ತಿಗೆ ಅಂಟಿಸಿದ್ದ ರಬ್ಬರ್ ಬಳೆಯಲ್ಲಿ ನಿಲ್ಲದೆ ಸುತ್ತುತ್ತಿತ್ತು. ನಿಧಿ ನೇರ ನೋಡುತ್ತಿದ್ದರೆ ಹೆಲ್ಮೆಟ್ ಎಡಕ್ಕೆ ನೋಡುತ್ತಿತ್ತು.

ಇಲ್ಲಿ ನಾನು ಬಾಯಿ ಹಾಕಿದೆ. ಎರಡು ಕಡೆ ಕೊಂಡಿಯಿಟ್ಟು ಸೂಟ್‌ಕೇಸಿನ ಪುಟ್ಟ ಬೀಗ ಹಾಕಿದರೆ ಅಲುಗಾಡುವುದಿಲ್ಲ, ನೋಡಲೂ ಗತ್ತು ಎಂದೆ. ಬೀಗ ಎಂದ ಕೂಡಲೇ ನನ್ನೊಳಗಿನ ಬ್ಯಾಂಕು ಎದ್ದು ಕೂತಿತು. ನಮ್ಮಲ್ಲಿ ಖಜಾನೆಗೆ ಎರಡು ಬೀಗ. ಎರಡರ ಕೀಲಿಯೂ ಒಬ್ಬರ ಕೈಯಲ್ಲಿ ಇರಕೂಡದು, ಡೂಪ್ಲಿಕೇಟ್ ಬೇರೆ ಶಾಖೆಯಲ್ಲಿರಬೇಕು. ಇಪ್ಪತ್ತೆರಡು ವರ್ಷ ಹೀಗೆ ಬದುಕಿದವಳು ನಾನು. ಒಂದು ಕೀಲಿ ನನ್ನ ಬ್ಯಾಗಿಗೆ ಹೋಯಿತು, ಇನ್ನೊಂದನ್ನು ಇವರ ಕೈಗೆ ಕೊಟ್ಟು ಭದ್ರವಾಗಿಡಿ, ಎಲ್ಲೆಂದರಲ್ಲಿ ಒಯ್ಯಬೇಡಿ ಎಂದೆ. ನಮಗೆ ಬೇರೆ ಶಾಖೆ ಇಲ್ಲವಲ್ಲ, ಡೂಪ್ಲಿಕೇಟುಗಳನ್ನು ನೆಂಟರ ಮನೆಯ ನಾಮಕರಣಕ್ಕೆಂದು ಮೈಸೂರಿಗೆ ಹೋದಾಗ ಅಕ್ಕನಿಗೆ ಕೊಟ್ಟುಬಂದೆ. ನೀವು ನಗಬಹುದು. ಆಗ ಅದು ನನಗೆ ತೀರಾ ಸಹಜವಾಗಿ ಕಂಡಿತ್ತು.

ಚಿತ್ರೀಕರಣಕ್ಕೆ ಮಕ್ಕಳು ಆರಿಸಿದ್ದು ತಿರುವನಂತಪುರದಲ್ಲಿ ಇವರ ಕ್ವಾರ್ಟರ್ಸಿನ ಹಿಂದಿನ ಕೆಂಪು ಮಣ್ಣಿನ ಗುಡ್ಡ. ತೆಂಗಿನ ಮರ ಬೀಳದಂತೆ ಕ್ಯಾಮೆರಾ ಹಿಡಿದರೆ ಅದು ಮಂಗಳವೇ. ಒಂದು ಭಾನುವಾರ ಬೆಳಗಿನ ಜಾವದ ರೈಲಿಗೆ ಎಲ್ಲರೂ ಹೋದೆವು. ಆನಿ ಎರಡೂ ಬೀಗ ಒತ್ತಿ ಹಾಕಿ ಶುರು ಮಾಡಿದಳು. ನಿಧಿ ಬಿದ್ದಳು, ಎದ್ದಳು, ಕಲ್ಲು ಹೆಕ್ಕಿದಳು. ಹನ್ನೊಂದರ ಹೊತ್ತಿಗೆ ಒಳಗಿನಿಂದ ನೀರು ಬೇಕೆಂಬ ಕ್ಷೀಣ ಸ್ವರ ಬಂತು. ನಾನು ನನ್ನ ಬೀಗ ತೆಗೆದು ಇವರ ಮುಖ ನೋಡಿದೆ. ಇವರು ನನ್ನ ಮುಖ ನೋಡಿದರು.

"ಕೀಲಿ ಆಫೀಸ್ ಡ್ರಾಯರಲ್ಲಿದೆ. ನೀನೇ ತಾನೆ ಹೇಳಿದ್ದು, ಎಲ್ಲೆಂದರಲ್ಲಿ ಒಯ್ಯಬೇಡಿ ಅಂತ."

ಬೀಗ ಒಡೆಯೋಣ ಎಂದರೆ ಆನಿ ಕೇಳಲಿಲ್ಲ, ಇನ್ನೂ ಎರಡು ದೃಶ್ಯ ಬಾಕಿ. ಗಾಳಿಯ ತೂತಿನಿಂದ ಸ್ಟ್ರಾ ತೂರಿಸಿ ನೀರು ಕುಡಿಸಿ, ಬಾಡಿಗೆಯ ವ್ಯಾನಿನಲ್ಲಿ ಗಗನಯಾತ್ರಿಯನ್ನು ಕೂರಿಸಿಕೊಂಡು ಎಲ್ಲರೂ ಸಂಸ್ಥೆಯ ಗೇಟಿಗೆ ಹೋದೆವು. ಇವರು ಇಳಿದು ಬೇಗ ಬೇಗ ನಡೆದರು. ಅವರ ಅವಸರ ಯಾಕೆಂದು ನನಗೆ ಗೊತ್ತಿತ್ತು. ಆದರೆ ಕಾವಲಿನವನಿಗೆ ಮಾತಾಡುವ ಹುಮ್ಮಸ್ಸು. ವ್ಯಾನಿಗೆಲ್ಲ ಕೇಳುವಂತೆ, ಪರ್ಚೇಸಿನ ಸಾರಲ್ಲವೇ, ಭಾನುವಾರವೂ ಏನು ಖರೀದಿ ಸಾರೇ ಎಂದು ನಕ್ಕು, ದಾಖಲೆ ಪುಸ್ತಕ ಮುಂದೆ ಮಾಡಿದ.

ಆನಿ ಕನ್ನಡಕ ಒರೆಸಿಕೊಂಡು ಹೆಲ್ಮೆಟ್ಟಿನ ಕಡೆ ನೋಡಿದಳು. ಇವರು ಕೀಲಿ ಹಿಡಿದು ಬಂದವರು ಬಾಗಿಲ ಬಳಿಯೇ ನಿಂತು, ಹರಕು ಮುರುಕು ಮಲಯಾಳದಲ್ಲಿ ಮಕ್ಕಳಿಗೆ ಹೇಳಿಯೇಬಿಟ್ಟರು, ತಾನು ರಾಕೆಟ್ ಮಾಡುವವನಲ್ಲ, ಮಾಡುವವರಿಗೆ ಸಾಮಾನು ತರಿಸುವವನು, ನಿಧಿಗೆ ಇದು ಸರಿಯಾಗಿ ಗೊತ್ತಿರಲಿಲ್ಲ ಎಂದು.

ಆಗ ಕ್ಯಾನಿನೊಳಗಿಂದ, ನಮ್ಮ ಜೊತೆ ಕನ್ನಡ ಆಡಿ ಎಷ್ಟೋ ಕಾಲವಾಗಿದ್ದ ಹುಡುಗಿ ಹೇಳಿದಳು: "ನಂಗೆ ಗೊತ್ತಿತ್ತಪ್ಪ. ಅಮ್ಮ ಎಲ್ಲರ ಹತ್ರಾನೂ ಹಾಗೇ ಹೇಳ್ತಾಳಲ್ಲ, ಅದಕ್ಕೇ ನಾನೂ ಹೇಳ್ದೆ."

ಹೌದು, ನಾನೇ. ಮೈಸೂರಿನ ಮದುವೆ ಮನೆಗಳಲ್ಲಿ ಯಜಮಾನರು ಎಲ್ಲಿದ್ದಾರೆ ಎಂದು ಕೇಳಿದರೆ "ಸ್ಪೇಸಲ್ಲಿ" ಎಂದು ನಿಲ್ಲಿಸುತ್ತಿದ್ದೆ. ಓಹೋ ವಿಜ್ಞಾನಿ ಎಂದು ಅವರು ಪೂರ್ತಿ ಮಾಡುವಾಗ ನನ್ನ ಬಾಯಲ್ಲಿ ಯಾವಾಗಲೂ ಚಿರೋಟಿ ಇರುತ್ತಿತ್ತು. ಪಕ್ಕದಲ್ಲಿ ಕೂತ ಇವರು ಎಲೆಯ ಕಡೆ ನೋಡುತ್ತಿದ್ದರು. ಅಷ್ಟು ವರ್ಷ ಅದನ್ನು ಕಂಡೂ ಕಾಣದಂತಿದ್ದೆನಲ್ಲ ಎಂದು ಅಂದು ಆ ವ್ಯಾನಿನಲ್ಲಿ ತುಂಬಾ ನಾಚಿಕೆಯಾಯಿತು.

ಮುಂದೆ ಮಾತು ತೆಗೆದವಳು ಆನಿಯೇ. ಹಾಗಾದರೆ ನಿಜವಾದ ರಾಕೆಟ್ಟಿನ ಸ್ಕ್ರೂ ಅಂಕಲ್ ಕೈಯಲ್ಲಿ ಹಿಡಿದಿದ್ದಾರಾ ಎಂದು ಕೇಳಿದಳು. ಇವರು ಕೀಲಿ ತಿರುಗಿಸುತ್ತಾ ಶುರು ಮಾಡಿದರು. ಕೂದಲೆಳೆಯಷ್ಟು ಸೀಳಿದ್ದ ರಬ್ಬರ್ ಉಂಗುರಗಳ ಪೆಟ್ಟಿಗೆಯನ್ನು ಪೂರ್ತಿ ವಾಪಸ್ ಕಳಿಸಿದ್ದು, ಒಂದು ವಿಶೇಷ ಅಂಟಿಗಾಗಿ ಊರೂರು ಹುಡುಕಿಸಿದ್ದು. ಗುಡ್ಡ ತಲುಪುವವರೆಗೆ ಮಾತು ಮುಗಿಯಲಿಲ್ಲ, ಒಮ್ಮೆಯೂ ಬಾತ್‌ರೂಮಿನ ನೆಪ ಬರಲಿಲ್ಲ. ಆನಿ ಅಲ್ಲೇ ಕಥೆ ತಿದ್ದಿದಳು: ಮಂಗಳದಿಂದ ಹುಡುಗಿ ಒಂದು ಸ್ಕ್ರೂ ಬೇಕೆಂದು ಅಂಗಲಾಚಿದರೆ, ಮೂರು ಕೊಟೇಷನ್ ಬರದೆ ಕಳಿಸಲಾಗದು ಎನ್ನುವ ಭೂಮಿಯ ಅಧಿಕಾರಿ. ಆ ಪಾತ್ರಕ್ಕೆ ಇವರೇ. ಸಿನಿಮಾಕ್ಕೆ ಬಹುಮಾನ ಬರಲಿಲ್ಲ, ಆದರೆ ಜನ ಬಿದ್ದು ಬಿದ್ದು ನಕ್ಕಿದ್ದು ಅಲ್ಲಿಯೇ.

ಚಪ್ಪಲಿ ಸರಿಯಾಯಿತು, ಎರ್ನಾಕುಲಂ ಬೋಟು ಹತ್ತಿದೆ. ನಾನು ಫೋನಿನಲ್ಲಿ ಅಕ್ಕನ ಜೊತೆ ಮಾತಾಡುವುದನ್ನು ಕೇಳಿ ಪಕ್ಕದ ಹೆಂಗಸು ನೀವು ಕನ್ನಡದವರಾ ಎಂದು ಹತ್ತಿರ ಸರಿದರು. ಶಿವಮೊಗ್ಗದವರಂತೆ, ಬಂದು ಆರು ತಿಂಗಳಾಯಿತಂತೆ, ಗಂಡ ಇಲ್ಲಿನ ಕೇಂದ್ರ ಸರ್ಕಾರದ ಆಫೀಸಿನಲ್ಲಿ ಆಫೀಸರಂತೆ. ನಮ್ಮವರ ಸಂಸ್ಥೆಯ ಹೆಸರು ಕೇಳಿ ಅವರ ಕಣ್ಣು ಅರಳಿತು.

"ಅಲ್ಲಿ ಪರ್ಚೇಸ್ ಸೆಕ್ಷನ್ ಅವರದ್ದು. ಸ್ಕ್ರೂ, ರಬ್ಬರ್ ಉಂಗುರ, ಎಲ್ಲ ತರಿಸಿಕೊಡ್ತಾರೆ. ಸರಿಯಿಲ್ಲದೇ ಇದ್ದಿದ್ದನ್ನ ಒಳಗೆ ಬಿಡಲ್ಲ" ಎಂದೆ.

ಆಕೆ ಬೋಟಿನಲ್ಲಿ ಆಚೀಚೆ ಕಣ್ಣು ಹಾಯಿಸಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ, "ನಮ್ಮವರೂ ಆಫೀಸರ್ ಅಲ್ಲ ಕಣ್ರೀ, ಆಫೀಸರಿಗೆ ಸ್ಟೆನೋ" ಎಂದರು. ಮರುಕ್ಷಣವೇ ಬೆನ್ನು ನೆಟ್ಟಗೆ ಮಾಡಿಕೊಂಡು, ಬೋಟಿನವರಿಗೆಲ್ಲ ಕೇಳುವಂತೆ ಸೇರಿಸಿದರು:

"ಆದ್ರೆ ಅವರು ಬರ್ಕೊಳ್ಳೋ ಸ್ಪೀಡು ಇದ್ಯಲ್ಲ, ಅದನ್ನ ನೀವು ನೋಡ್ಬೇಕು."